ಚಿಟಿಕೆ ಬೋರಾನ್, ಚೀಲದಷ್ಟು ಪಾಠ

ಕಬ್ಬಿಣದ ಪುಡಿಯನ್ನು ಡೈನಲ್ಲಿ ಒತ್ತಿ, ಫರ್ನೇಸಿನಲ್ಲಿ ಕಾಯಿಸಿ ಗೇರು, ಬುಷ್ ಮಾಡುವವರಿಗೆಲ್ಲ ಇರುವ ತಲೆನೋವು ಒಂದೇ: ಒಳಗೆ ಉಳಿದುಬಿಡುವ ಸಣ್ಣ ಸಣ್ಣ ರಂಧ್ರ. ಗಟ್ಟಿ ಕಬ್ಬಿಣದ ಸಾಂದ್ರತೆ ಘನ ಸೆಂ.ಮೀ.ಗೆ 7.87 ಗ್ರಾಂ, ಮಾಮೂಲಿ ಸಿಂಟರಿಂಗ್‌ನಲ್ಲಿ ನಮ್ಮ ಭಾಗಗಳು 7ರ ಆಸುಪಾಸಿನಲ್ಲೇ ನಿಂತುಬಿಡುತ್ತವೆ. ಚೂರು ಬೋರಾನ್ ಬೆರೆಸಿದರೆ ಕಣಗಳ ನಡುವೆ ದ್ರವ ಹುಟ್ಟಿ ರಂಧ್ರ ಮುಚ್ಚುತ್ತದೆ ಎಂದು ಓದಿದ್ದೇ ತಡ, ಪ್ರಯೋಗಕ್ಕೆ ಇಳಿದೆ. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದೆ ಎಂಬ ಭರವಸೆ. ಮಂಗ ಯಾರೆಂದು ಆಮೇಲೆ ತಿಳಿಯಿತು.

1. ಫರ್ನೇಸಿಗೆ ಅಷ್ಟು ಶಾಖ ಬರುತ್ತದೆಯೇ ನೋಡಿಕೊಳ್ಳಿ

ನಮ್ಮದು ಮೆಶ್ ಬೆಲ್ಟ್ ಫರ್ನೇಸ್. ಓಡುವುದು 1120 ಡಿಗ್ರಿಯಲ್ಲಿ. ಕಬ್ಬಿಣ ಮತ್ತು ಅದರ ಬೋರೈಡ್ ಸೇರಿ ಕರಗುವುದು ಸುಮಾರು 1174 ಡಿಗ್ರಿಗೆ. ಕಾರ್ಬನ್, ನಿಕಲ್ ಜೊತೆಗಿದ್ದರೆ ಆ ಅಂಕಿ ಇಳಿಯುತ್ತದೆ, ನಿಜ. ಆದರೆ ನಾನು ಅವೆರಡೂ ಇಲ್ಲದ ಪುಡಿಯಲ್ಲಿ ಶುರುಮಾಡಿದ್ದೆ. ಬೋರಾನ್ ಹಾಕಿದ ಭಾಗ, ಹಾಕದ ಭಾಗ ಎರಡರ ಅಳತೆಯೂ ಒಂದೇ ಬಂತು. ನಾನು ಮೈಕ್ರೋಮೀಟರ್ ಮೇಲೆ ಅನುಮಾನಪಟ್ಟೆ. 1200 ದಾಟುವ ಬೇರೊಂದು ಫರ್ನೇಸಿಗೆ ಹಾಕಿದಾಗಲೇ ಭಾಗ ಕುಗ್ಗಿದ್ದು. ದ್ರವವಾಗುವುದೆಲ್ಲ ಹೀಗೆ ಕುಗ್ಗಿಸುವುದಿಲ್ಲ: ತಾಮ್ರ ಕರಗಿದರೂ ಕಬ್ಬಿಣದೊಳಗೆ ಇಂಗಿಹೋಗಿ ಭಾಗವನ್ನು ಉಬ್ಬಿಸುತ್ತದೆ. ಬೋರಾನ್ ಕಬ್ಬಿಣದಲ್ಲಿ ಇಂಗುವುದು ತೀರಾ ಕಡಿಮೆ, ಹಾಗಾಗಿ ಅದರ ದ್ರವ ಕೊನೆಯವರೆಗೂ ಉಳಿದು ಕೆಲಸ ಮಾಡುತ್ತದೆ.

2. ಸಾರಜನಕ ಬೋರಾನನ್ನು ನುಂಗಿಬಿಡುತ್ತದೆ

ಇದಕ್ಕೆ ನಾನು ಹೆಚ್ಚು ಕಾಲ ದಂಡ ತೆತ್ತೆ. ಶಾಖ ಸರಿಯಾದ ಮೇಲೂ ಒಂದು ಬ್ಯಾಚ್ ಕುಗ್ಗಿದರೆ ಇನ್ನೊಂದು ಜಪ್ಪಯ್ಯ ಎಂದರೂ ಕುಗ್ಗುತ್ತಿರಲಿಲ್ಲ. ಪುಡಿ ಕೊಟ್ಟವರನ್ನು ಬೈದೆ, ಮಿಕ್ಸರ್ ಹುಡುಗನನ್ನು ಬೈದೆ. ಪಾಪ, ಅವರದೇನೂ ತಪ್ಪಿರಲಿಲ್ಲ. ನಾವು ಬಳಸುತ್ತಿದ್ದದ್ದು ಅಮೋನಿಯಾ ಒಡೆದು ಮಾಡಿದ ಅನಿಲ; ಅದರಲ್ಲಿ ಮುಕ್ಕಾಲು ಪಾಲು ಹೈಡ್ರೋಜನ್, ಕಾಲು ಪಾಲು ಸಾರಜನಕ. ಸಿಲಿಂಡರ್ ಹೈಡ್ರೋಜನ್ ಸಿಕ್ಕ ದಿನ ಫಲಿತಾಂಶ ಚೆನ್ನ, ಮಿಕ್ಕ ದಿನ ಸೊನ್ನೆ. ಬೋರಾನ್‌ಗೆ ಸಾರಜನಕ ಸಿಕ್ಕರೆ ಬೋರಾನ್ ನೈಟ್ರೈಡ್ ಆಗಿ ಕೂತುಬಿಡುತ್ತದೆ. ಆ ಶಾಖಕ್ಕೆಲ್ಲ ಅದು ಕರಗುವುದೇ ಇಲ್ಲ. ತೇವವಿದ್ದರೆ ಆಕ್ಸೈಡ್ ಆಗುವ ಕಾಟ ಬೇರೆ. ಆ ತೇವ ತೋರಿಸುವ ಡ್ಯೂ ಪಾಯಿಂಟ್ ಮೀಟರನ್ನು ನಾನು ಆವರೆಗೆ ಗೋಡೆಯ ಅಲಂಕಾರ ಎಂದುಕೊಂಡಿದ್ದೆ! ಶುದ್ಧ ಹೈಡ್ರೋಜನ್, ಆರ್ಗಾನ್ ಅಥವಾ ನಿರ್ವಾತ ಒದಗದಿದ್ದರೆ ಈ ಕೆಲಸಕ್ಕೆ ಕೈಹಾಕದಿರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

3. ಸಾಂದ್ರತೆ ಏರಿತು ಎಂದು ಸಿಹಿ ಹಂಚಬೇಡಿ

ನಾನು ಹಂಚಿದೆ. ಶೇ. 0.2 ಬೋರಾನ್‌ನಲ್ಲಿ ಇಷ್ಟು ಚೆನ್ನಾಗಿದ್ದರೆ 0.6ರಲ್ಲಿ ಇನ್ನೆಷ್ಟಿರಬೇಕು ಎಂದು ಆಸೆಬಿದ್ದೆ. ಸಾಂದ್ರತೆ ಏನೋ ಏರಿತು. ಆದರೆ ಪರೀಕ್ಷೆಗೆ ಕೊಟ್ಟ ತುಂಡು ಒಂದೇ ಏಟಿಗೆ ಪಟ್ಟೆಂದು ಎರಡಾಯಿತು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಪ್ರತಿ ಹರಳಿನ ಸುತ್ತಲೂ ಬೋರೈಡಿನ ಬೇಲಿ. ರಂಧ್ರ ಮುಚ್ಚಿದ ದ್ರವವೇ ತಣಿಯುವಾಗ ಅಲ್ಲಿ ಗಟ್ಟಿಯಾಗಿತ್ತು. ಬಿರುಕಿಗೆ ಸಲೀಸಾದ ದಾರಿ. ಬೇಲಿ ತುಂಡು ತುಂಡಾಗಿ ಉಳಿಯುವಷ್ಟೇ ಬೋರಾನ್ ಹಾಕಬೇಕು. ಈಗ ನಾನು 0.2ರ ಸುತ್ತಲೇ ಸುಳಿದಾಡುತ್ತೇನೆ, ಏರಿಸಬೇಕೆನಿಸಿದರೆ ಮೊದಲು ಇಂಪ್ಯಾಕ್ಟ್ ಟೆಸ್ಟ್ ಮಾಡಿಸುತ್ತೇನೆ.

4. ಡೈ ಮಾಡಿಸಲು ಅವಸರ ಬೇಡ

ಸಾಂದ್ರತೆ 6.9ರಿಂದ 7.5ಕ್ಕೆ ಏರಬೇಕಾದರೆ ಪ್ರತಿ ಅಳತೆಯೂ ಸುಮಾರು ಶೇ. 2.7 ಕುಗ್ಗಬೇಕು. 40 ಮಿ.ಮೀ. ಗೇರಿನಲ್ಲಿ ಅದು ಒಂದು ಮಿ.ಮೀ.ಗೂ ಜಾಸ್ತಿ. ಈ ಲೆಕ್ಕ ಹಾಕಿ ಡೈ ದೊಡ್ಡದು ಮಾಡಿಸಿದೆ. ಲೆಕ್ಕಕ್ಕೆ ಸಿಗದೇ ಹೋದದ್ದು ಸೊಟ್ಟ. ಉದ್ದನೆಯ ಭಾಗಗಳಲ್ಲಿ ಪಂಚ್ ತಾಗುವ ಎರಡು ತುದಿ ಬಿಗಿಯಾಗಿ, ನಡು ಸಡಿಲವಾಗಿರುತ್ತದೆ. ಸಡಿಲವಿದ್ದ ನಡು ಹೆಚ್ಚು ಕುಗ್ಗಿ ಸಣಕಲಾಯಿತು. ಡೈ ಗುಜರಿಗೆ ಹೋಯಿತು. ಗಿಡ್ಡ, ದಪ್ಪ ಭಾಗಗಳಿಗೆ ಬೋರಾನ್ ಒಗ್ಗುತ್ತದೆ. ತೆಳ್ಳಗೆ ಉದ್ದವಿರುವ ಬುಷ್‌ಗೆ ಬೇಡ.

5. ಫೆರೋಬೋರಾನ್ ನುಣ್ಣಗಿರಲಿ

ಶೇ. 18 ಬೋರಾನ್ ಇರುವ ಫೆರೋಬೋರಾನ್ ಆದರೆ, ಶೇ. 0.2 ಬೋರಾನ್ ಬರಲು 100 ಕಿಲೋ ಮಿಶ್ರಣಕ್ಕೆ ಬೇಕಾಗುವುದು ಬರೀ 1.1 ಕಿಲೋ. ಅಷ್ಟು ಕಡಿಮೆ ಪುಡಿ ಒರಟಾಗಿದ್ದರೆ ಕಣ ಕರಗಿದ ಜಾಗದಲ್ಲೇ ದೊಡ್ಡ ಗುಳಿ ಉಳಿಯುತ್ತದೆ. ಜರಡಿ ಹಿಡಿಯದೆ ಬಳಸಿ ಕೆಟ್ಟೆ.

6. ‘ಬೋರಾನ್ ಸ್ಟೀಲ್’ ಬೇರೆ

ಮಾಮೂಲಿ ಉಕ್ಕಿನಲ್ಲಿ ಕ್ವೆಂಚ್ ಮಾಡಿದಾಗ ಗಡಸುತನ ಆಳಕ್ಕೆ ಇಳಿಯಲಿ ಎಂದು ಹಾಕುವ ಬೋರಾನ್ ಶೇ. 0.001ರಿಂದ 0.003 ಅಷ್ಟೇ. ನಾವು ಹಾಕುವುದು ಅದರ ನೂರು ಪಟ್ಟಿನ ಆಸುಪಾಸು, ಉದ್ದೇಶವೂ ಬೇರೆ. ಒಂದಕ್ಕೆ ಇನ್ನೊಂದರ ಲೆಕ್ಕ ಹಿಡಿದು ಗ್ರಾಹಕರ ಮುಂದೆ ಪೆಚ್ಚಾದವನು ನಾನು. ಡ್ರಾಯಿಂಗಿನಲ್ಲಿ ಬೋರಾನ್ ಎಂದು ಕಂಡರೆ, ದಯವಿಟ್ಟು ಪುಡಿ ತೂಗುವ ಮೊದಲು ಒಂದು ಫೋನ್ ಮಾಡಿ ಕೇಳಿಕೊಳ್ಳಿ.