ತಾನಾಗಿ ತೆರೆಯುವ ಬೀಗ

ಚನ್ನಗಿರಿಯು ಅಡಿಕೆಯ ಬೆಳೆಗೆ ಹೆಸರಾದ ಊರು. ಅಲ್ಲಿಯ ಒಂದು ಉಗ್ರಾಣದಲ್ಲಿ 100 ಚೀಲ ಅಡಿಕೆ ಇದೆಯೆಂದು ಭಾವಿಸೋಣ. ಅದರ ಲೆಕ್ಕ ಗಣಕಯಂತ್ರದಲ್ಲಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ವರ್ತಕರ ಬೇಡಿಕೆಗಳನ್ನು ಒಂದೇ ಪ್ರೋಗ್ರಾಮಿನ ನಾಲ್ಕು ಎಳೆಗಳು ಏಕಕಾಲದಲ್ಲಿ ಪೂರೈಸುತ್ತವೆ. ಇಂತಹ ಎಳೆಗೆ ಗಣಕಶಾಸ್ತ್ರದಲ್ಲಿ ‘ಥ್ರೆಡ್’ ಎಂದು ಹೆಸರು.

ಹೊನ್ನಾಳಿಯ ಎಳೆಯು 100 ಎಂದು ಓದಿ ಅದರಲ್ಲಿ 30ನ್ನು ಕಳೆಯುವಷ್ಟರಲ್ಲಿ, ಜಗಳೂರಿನ ಎಳೆಯೂ ಅದೇ 100ನ್ನು ಓದಿ 20ನ್ನು ಕಳೆಯಿತೆನ್ನಿ. ಮೊದಲನೆಯದು 70 ಎಂದು ಬರೆಯಿತು. ಎರಡನೆಯದು ಅದನ್ನು ಅಳಿಸಿ 80 ಎಂದು ಬರೆಯಿತು. ಉಗ್ರಾಣದಲ್ಲಿ ಉಳಿಯುವುದು 50 ಚೀಲ, ಲೆಕ್ಕದಲ್ಲಿರುವುದು 80! ಇಲ್ಲದ 30 ಚೀಲಗಳಿಗೆ ಯಾರಾದರೂ ಹಣ ತೆತ್ತರೆ ಅವರ ಗತಿಯೇನು?

ಈ ತೊಡಕಿಗೆ ಬೀಗವೇ ಪರಿಹಾರ. ಲೆಕ್ಕವನ್ನು ಮುಟ್ಟುವ ಎಳೆ ಮೊದಲು ಬೀಗ ಹಾಕಿಕೊಳ್ಳಬೇಕು. ಕೆಲಸ ಮುಗಿದೊಡನೆ ತೆರೆಯಬೇಕು. ಅಲ್ಲಿಯವರೆಗೆ ಉಳಿದವು ಕಾಯಬೇಕು. ಒಮ್ಮೆಗೆ ಒಬ್ಬರಿಗೆ ಮಾತ್ರ ಪ್ರವೇಶವೀಯುವ ಈ ಸಮಸ್ಯೆಗೆ ಹಾಲೆಂಡಿನ ವಿಜ್ಞಾನಿ ಡೈಕ್‌ಸ್ಟ್ರಾ ಅವರು 1965ರಲ್ಲಿ ಪರಿಹಾರವೊಂದನ್ನು ಪ್ರಕಟಿಸಿದರು.

ಆದರೆ ಬೀಗ ಹಾಕಿದ ಎಳೆಯೇ ಅದನ್ನು ತೆರೆಯದೆ ಹೋದರೆ? ನ್ಯಾಮತಿಯಿಂದ 200 ಚೀಲಗಳಿಗೆ ಬೇಡಿಕೆ ಬಂದಿತು. ಅಷ್ಟು ದಾಸ್ತಾನಿಲ್ಲದುದರಿಂದ ಎಳೆಯು ಅರ್ಧದಿಂದಲೇ ಹಿಂದಿರುಗಿತು. ಬೀಗ ತೆರೆಯುವ ಆದೇಶವಾದರೋ ಕೊನೆಯ ಸಾಲಿನಲ್ಲಿತ್ತು! ಉಳಿದ ಮೂರು ಊರುಗಳ ಎಳೆಗಳು ಕಾಯುತ್ತಲೇ ನಿಂತವು.

ಡೆನ್ಮಾರ್ಕಿನ ಸ್ಟ್ರೌಸ್ಟ್ರಪ್ ಅವರು 1979ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸತೊಡಗಿದ ಭಾಷೆ ಮುಂದೆ ‘ಸಿ ಪ್ಲಸ್ ಪ್ಲಸ್’ ಎಂದು ಪ್ರಸಿದ್ಧವಾಯಿತು. ಅದರಲ್ಲಿ ಆದೇಶಗಳ ಒಂದು ಗುಂಪಿಗೆ ಆವರಣವೊಂದಿರುತ್ತದೆ. ಆವರಣದೊಳಗೆ ಹುಟ್ಟಿದ ವಸ್ತು, ಎಳೆಯು ಅದನ್ನು ದಾಟಿ ಹೊರಬಂದೊಡನೆ ಅಳಿಯುತ್ತದೆ. ಅಳಿಯುವಾಗ ಅದು ಮಾಡಬೇಕಾದ ಕೆಲಸವನ್ನು ಮೊದಲೇ ವಿಧಿಸಬಹುದು. ಆದುದರಿಂದ ಬೀಗವನ್ನು ಕಾವಲುಗಾರನಂತಹ ಒಂದು ವಸ್ತುವಿಗೆ ಒಪ್ಪಿಸುತ್ತಾರೆ. ಅದು ಹುಟ್ಟುವಾಗ ಬೀಗ ಹಾಕುತ್ತದೆ, ಅಳಿಯುವಾಗ ತೆರೆಯುತ್ತದೆ. ಎಳೆಯು ಕೆಲಸ ಮುಗಿಸಿ ಬರಲಿ, ಅರ್ಧದಿಂದಲೇ ಮರಳಲಿ, ಬೀಗ ತಾನಾಗಿ ತೆರೆಯುವುದು. 2011ರಲ್ಲಿ ಈ ಕಾವಲುಗಾರನು ‘ಲಾಕ್ ಗಾರ್ಡ್’ ಎಂಬ ಹೆಸರಿನಿಂದ ಆ ಭಾಷೆಯ ಪ್ರಮಾಣಿತ ರೂಪವನ್ನು ಸೇರಿದನು.

ಬೀಗ ತೆರೆದ ಮಾತ್ರಕ್ಕೆ ಅರ್ಧ ಬರೆದ ಲೆಕ್ಕ ಸರಿಹೋಗದು. ಬರೆಯುವ ಮುನ್ನವೇ ದಾಸ್ತಾನನ್ನು ಪರೀಕ್ಷಿಸುವ ಹೊಣೆ ಪ್ರೋಗ್ರಾಂ ರಚಿಸುವವನದೇ. ಆದರೂ ಮರೆವು ಮನುಷ್ಯನಿಗೆ ಸಹಜ. ಮರೆಯಬೇಡವೆಂದು ಎಚ್ಚರಿಸುವುದಕ್ಕಿಂತ, ಒಬ್ಬನ ಮರೆವಿನಿಂದ ಹಲವರು ಕೆಡದಂತೆ ಏರ್ಪಾಟು ಮಾಡುವುದೇ ಜಾಣತನವಲ್ಲವೆ?