ವಿಕಲಚೇತನ ನೀತಿ ಮತ್ತು ಸಾಮಾಜಿಕ ನ್ಯಾಯ: ಸಂಶೋಧನೆಗೊಂದು ಪ್ರವೇಶ

(ಅಂತಿಮ ಬಿ.ಎ. ವಿದ್ಯಾರ್ಥಿನಿ, ಪುರವರ)

ಬಿ.ಎ. ಪರೀಕ್ಷೆ ಮುಗಿದ ಮೇಲೆ ಮುಂದೇನು ಎಂಬ ಪ್ರಶ್ನೆ ಅಂತಿಮ ವರ್ಷದವರೆಲ್ಲರನ್ನೂ ಕಾಡುವಂಥದೇ. ಪುರವರದ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳಾದುದರಿಂದ ಈ ಪ್ರಶ್ನೆ ನನ್ನೊಬ್ಬಳದಾಗಿ ಉಳಿಯದೆ ಮನೆಮಂದಿಯೆಲ್ಲರ ಪ್ರಶ್ನೆಯಾಗಿದೆ. ಬಿ.ಇಡಿ. ಮಾಡಿದರೆ ಮೇಡಮ್ಮನ ಕೆಲಸ ಸಿಕ್ಕೀತೆಂಬುದು ಅಪ್ಪನ ಆಸೆ. ನನಗಾದರೋ ಎಂ.ಎ. ಮುಗಿಸಿ ಡಾಕ್ಟರೇಟ್ ಪದವಿಗಾಗಿ ಸಂಶೋಧನೆ ಮಾಡಬೇಕೆಂಬ ಹಂಬಲ. ವಿಷಯವೂ ಗೊತ್ತಾಗಿದೆ, ವಿಕಲಚೇತನರ ಬಗೆಗಿನ ಸರ್ಕಾರದ ನೀತಿ ಮತ್ತು ಸಾಮಾಜಿಕ ನ್ಯಾಯ. ಈ ವಿಷಯ ನನಗೆ ಪುಸ್ತಕದಿಂದ ಹೊಳೆದದ್ದಲ್ಲ, ಪಾವಗಡ ತಾಲ್ಲೂಕಿನ ನನ್ನ ದೊಡ್ಡಪ್ಪನಿಂದ ಬಂದದ್ದು.

ದೊಡ್ಡಪ್ಪ ಎಂದರೆ ನಮ್ಮ ಅಮ್ಮನ ಅಕ್ಕನ ಗಂಡ. ನಾನು ಚಿಕ್ಕವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದವರು, ಈಗ ಎದುರಿಗೆ ನಿಂತವರ ಮುಖ ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸಬೇಕು. ಕುತ್ತಿಗೆ ಹೊರಳದು, ಬೆನ್ನು ನೆಟ್ಟಗಾಗದು. ಇದಕ್ಕೆ ಕಾರಣ ಅವರು ಹುಟ್ಟಿದಂದಿನಿಂದ ಕುಡಿದ ನೀರು. ನಮ್ಮ ಸೀಮೆಯ ನೆಲದಡಿಯ ಬಂಡೆಗಳಲ್ಲಿರುವ ಫ್ಲೋರೈಡ್ ಅಂಶ ಅಂತರ್ಜಲದಲ್ಲಿ ಕರಗಿ ಕೊಳವೆಬಾವಿಗೆ ಬರುತ್ತದೆ. ಒಂದು ಲೀಟರ್ ಕುಡಿಯುವ ನೀರಿನಲ್ಲಿ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು, ಬೇರೆ ನೀರಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲುಗಳಲ್ಲಿ ಕಂದು ಗೆರೆಗಳು ಮೂಡುತ್ತವೆ. ದೊಡ್ಡವರಲ್ಲಿ ಮೂಳೆ ದಪ್ಪವಾಗಿ, ಕೀಲುಗಳನ್ನು ಹಿಡಿದಿರುವ ತಂತುಗಳು ಸುಣ್ಣಗಟ್ಟಿ, ಬೆನ್ನೆಲುಬು ಕೋಲಿನಂತೆ ಬಿಗಿಯುತ್ತದೆ. ಹಾಗೆ ಬಿಗಿದದ್ದನ್ನು ಮೊದಲಿನಂತೆ ಮಾಡುವ ಔಷಧವಿಲ್ಲ; ಒಳ್ಳೆಯ ನೀರು ಕೊಟ್ಟು ಬಾರದಂತೆ ತಡೆಯುವುದೊಂದೇ ದಾರಿ. ಭಾರತದಲ್ಲಿ ಈ ರೋಗವನ್ನು ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ವೈದ್ಯರು ಗುರುತಿಸಿ ಪ್ರಕಟಿಸಿದ್ದು 1937ರಲ್ಲಿ. ಅದರ ತಡೆಗೆ ಕೇಂದ್ರ ಸರ್ಕಾರ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿದ್ದು 2008-09ರಲ್ಲಿ. ನಡುವೆ ಕಳೆದುಹೋದ ವರ್ಷಗಳು ಎಷ್ಟೆಂಬುದನ್ನು ವಾಚಕರೇ ಲೆಕ್ಕ ಹಾಕಬಹುದು.

ದೊಡ್ಡಪ್ಪನಿಗೆ ಮಾಸಾಶನಕ್ಕೆ ಅರ್ಜಿ ಹಾಕಬೇಕೆಂದು ನಾನೇ ಅವರನ್ನು ಪ್ರಮಾಣಪತ್ರಕ್ಕಾಗಿ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಕೀಲು ಎಷ್ಟು ಡಿಗ್ರಿ ಮಡಚುತ್ತದೆ, ಸ್ನಾಯುವಿನಲ್ಲಿ ಎಷ್ಟು ಬಲವಿದೆ ಎಂದು ಅಳೆದು, ಶೇಕಡಾ 35 ಎಂದು ಬರೆದರು. ಸವಲತ್ತಿಗೆ ಬೇಕಾದದ್ದು ಶೇಕಡಾ 40. ಬಸ್ಸಿನಲ್ಲಿ ಹಿಂದಿರುಗುವಾಗ ದೊಡ್ಡಪ್ಪ ನಗುತ್ತಲೇ, "ಅಂಗಾರೆ ಇನ್ನೂ ಐದು ಬಗ್ಗಿದ ಮ್ಯಾಲೆ ಬಾ ಅಂದಂಗಾಯ್ತಲ್ಲವ್ವ" ಎಂದರು. ನನಗೆ ನಗು ಬರಲಿಲ್ಲ. ಅವರಿಂದ ಸೇದುವ ಹಗ್ಗ ಹಿಡಿಯಲಾಗದು, ಕೂಲಿಗೆ ಹೋಗಲಾಗದು, ಕುರಿಯ ಹಿಂದೆ ನಡೆಯಲಾಗದು. ಹಾಗಾದರೆ ಆ ಶೇಕಡಾ 35 ಯಾವುದರ ಅಳತೆ? ಮೈಯ ಅಳತೆಯೋ, ಬದುಕಿನ ಅಳತೆಯೋ? ನನ್ನ ಮಟ್ಟಿಗೆ ಸಂಶೋಧನೆ ಆ ಬಸ್ಸಿನಲ್ಲಿಯೇ ಆರಂಭವಾಯಿತೆಂದು ಹೇಳಬೇಕು.

ಈಗ ಕಾನೂನು ಏನು ಹೇಳುತ್ತದೆಂಬುದನ್ನು ನೋಡೋಣ. ನಮ್ಮ ಸಂವಿಧಾನದ 41ನೆಯ ಅನುಚ್ಛೇದವು ನಿರುದ್ಯೋಗ, ಮುಪ್ಪು, ರೋಗ, ಅಂಗವೈಕಲ್ಯಗಳಲ್ಲಿ ಸಾರ್ವಜನಿಕ ನೆರವು ಪಡೆಯುವ ಹಕ್ಕನ್ನು ಒದಗಿಸಲು ರಾಜ್ಯವು ತನ್ನ ಆರ್ಥಿಕ ಶಕ್ತಿಯ ಮಿತಿಯಲ್ಲಿ ಯತ್ನಿಸಬೇಕೆಂದು ಹೇಳುತ್ತದೆ. ಆದರೆ ತಾರತಮ್ಯವನ್ನು ನಿಷೇಧಿಸುವ 15ನೆಯ ಅನುಚ್ಛೇದದಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳ ಎಂಬ ಐದು ಹೆಸರುಗಳಿವೆಯೇ ಹೊರತು ವೈಕಲ್ಯದ ಹೆಸರಿಲ್ಲ. 1995ರಲ್ಲಿ ಸಂಸತ್ತು ಮೊದಲ ಬಾರಿಗೆ ಅಂಗವಿಕಲರಿಗಾಗಿ ಸಮಗ್ರ ಕಾಯಿದೆ ಮಾಡಿತು. ಅದರಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು. 2006ರಲ್ಲಿ ವಿಶ್ವಸಂಸ್ಥೆಯು ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. 2007ರಲ್ಲಿ ಭಾರತ ಅದನ್ನು ಸ್ಥಿರೀಕರಿಸಿತು. ಆ ಒಡಂಬಡಿಕೆಗೆ ತಕ್ಕಂತೆ ರಚಿತವಾದ 2016ರ ಕಾಯಿದೆಯು 2017ರ ಏಪ್ರಿಲ್ 19ರಂದು ಜಾರಿಗೆ ಬಂದಿತು. ಇದರಲ್ಲಿ 21 ಬಗೆಗಳಿವೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಶೇಕಡಾ 4, ಸರ್ಕಾರದ ಹಾಗೂ ಸರ್ಕಾರದ ನೆರವು ಪಡೆಯುವ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5 ಸ್ಥಾನಗಳನ್ನು ಮೀಸಲಿಡಲಾಗಿದೆ.

ಈ 21ರ ಪಟ್ಟಿಯಲ್ಲಿ ಫ್ಲೋರೋಸಿಸ್ ಎಂಬ ಹೆಸರಿಲ್ಲ. ಆದರೂ ಮೂಳೆ, ಸ್ನಾಯು ಅಥವಾ ನರಮಂಡಲದ ತೊಂದರೆಯಿಂದ ಚಲನೆಗೆ ಅಡ್ಡಿಯಾದರೆ ಅದು ಚಲನವೈಕಲ್ಯವೆಂದು ಕಾಯಿದೆ ಹೇಳುವುದರಿಂದ ನಮ್ಮ ದೊಡ್ಡಪ್ಪನಂಥವರಿಗೆ ಬಾಗಿಲು ಮುಚ್ಚಿಲ್ಲ. ಪ್ರಮಾಣಪತ್ರದ ತೀರ್ಮಾನ ಸರಿಯಿಲ್ಲವೆನಿಸಿದರೆ 59ನೆಯ ಪ್ರಕರಣದ ಪ್ರಕಾರ ಮೇಲ್ಮನವಿ ಸಲ್ಲಿಸಬಹುದು. ಈ ಸಂಗತಿ ಆ ದಿನ ನನಗೂ ಗೊತ್ತಿರಲಿಲ್ಲ, ನಮಗೆ ಯಾರೂ ಹೇಳಲೂ ಇಲ್ಲ. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಬರೆಯುವಾಗ ಕೈ ಸೆಳೆಯುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರಿಗೆ ನಾಗರಿಕ ಸೇವಾ ಪರೀಕ್ಷೆಯಲ್ಲಿ ಲಿಪಿಕಾರರ ನೆರವು ನಿರಾಕರಿಸಲ್ಪಟ್ಟಾಗ, ಸರ್ವೋಚ್ಚ ನ್ಯಾಯಾಲಯವು 2021ರ ಫೆಬ್ರವರಿ 11ರ ವಿಕಾಸ್ ಕುಮಾರ್ ಪ್ರಕರಣದ ತೀರ್ಪಿನಲ್ಲಿ, ಶೇಕಡಾ 40ರ ಗೆರೆ ಮೀಸಲಾತಿಯಂಥ ಕೆಲವು ಸವಲತ್ತುಗಳಿಗೆ ಮಾತ್ರ ಹಾಕಿದ ಗೆರೆಯೆಂದೂ, ಯುಕ್ತವಾದ ಅನುಕೂಲ ಪಡೆಯುವ ಹಕ್ಕು ಅದಕ್ಕಿಂತ ಕೆಳಗಿರುವವರಿಗೂ ಉಂಟೆಂದೂ ಸಾರಿತು. ದೆಹಲಿಯಲ್ಲಿ ಹೀಗೆ ಸಾರಿದ ಮಾತು ಪಾವಗಡದ ಬಸ್ ನಿಲ್ದಾಣವನ್ನು ಮುಟ್ಟಲು ಏನೇನು ಅಡ್ಡಿಗಳಿವೆ? ನೀತಿಯ ಅಧ್ಯಯನವೆಂದರೆ ಇಂಥ ಪ್ರಶ್ನೆಯ ಬೆನ್ನು ಹತ್ತುವುದೇ ಆಗಿದೆ.

ಇನ್ನು ತತ್ತ್ವದ ಮಾತು. ವೈಕಲ್ಯವನ್ನು ನಮ್ಮ ಜನ ಬಹುಕಾಲ ಪೂರ್ವಜನ್ಮದ ಕರ್ಮವೆಂದು ತಿಳಿದರು. ಆಮೇಲೆ ವೈದ್ಯರು ಸರಿಪಡಿಸಬೇಕಾದ ದೋಷವೆಂದು ತಿಳಿದರು. 1976ರಲ್ಲಿ ಇಂಗ್ಲೆಂಡಿನ ವಿಕಲಚೇತನರ ಒಂದು ಸಂಘಟನೆಯು ಈ ಮಾತನ್ನೇ ತಿರುಗಿಸಿ ಹೇಳಿತು. ಮೈಯ ಕೊರತೆ ಬೇರೆ, ಸಮಾಜ ಒಡ್ಡುವ ಅಡ್ಡಿ ಬೇರೆ ಎಂಬುದೇ ಅವರ ವಾದ. ಗಾಲಿಕುರ್ಚಿಯಲ್ಲಿಯೇ ಬಾಳಿದ ಪ್ರಾಧ್ಯಾಪಕ ಮೈಕ್ ಆಲಿವರ್ 1983ರಲ್ಲಿ ಇದನ್ನು 'ಸಾಮಾಜಿಕ ಮಾದರಿ' ಎಂದು ಕರೆದರು. ನಮ್ಮ ಊರಿನ ದೃಷ್ಟಾಂತವನ್ನೇ ತೆಗೆದುಕೊಳ್ಳೋಣ. ಹಳ್ಳಿಹಳ್ಳಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತದೆ. ಆದರೆ ತುಂಬಿದ ಕ್ಯಾನನ್ನು ಮನೆಗೆ ಹೊರಬೇಕಾದವರು ಯಾರು? ಹಳೆಯ ನೀರು ಕುಡಿದು ಬೆನ್ನು ಬಗ್ಗಿದವನಿಗೆ ಹೊಸ ನೀರನ್ನು ಹೊರುವ ಶಕ್ತಿಯಿಲ್ಲ. ಆದುದರಿಂದ ಅವನು ಮನೆಯ ಮುಂದಿನ ಹಳೆಯ ನಲ್ಲಿಯ ನೀರನ್ನೇ ಕುಡಿಯುತ್ತಾನೆ. ಇಲ್ಲಿ ಅವನ ಬೆನ್ನನ್ನು ಮಾತ್ರ ದೋಷಿಯೆನ್ನುವುದು ನ್ಯಾಯವಲ್ಲ. ಘಟಕಕ್ಕೂ ಮನೆಗೂ ನಡುವಿನ ದೂರವೂ ದೋಷಿಯೇ. ಬೆನ್ನನ್ನು ನೆಟ್ಟಗೆ ಮಾಡಲು ನಮಗೆ ಬಾರದು, ದೂರವನ್ನು ಕಡಿಮೆ ಮಾಡಲು ಬರುತ್ತದೆ.

ಆದರೆ ಆಲಿವರ್ ಅವರ ಮಾತನ್ನು ನಾವು ಹಾಗೆಯೇ ತಂದು ನೆಡಲಾಗದು. ಇಂಗ್ಲೆಂಡಿನಲ್ಲಿ ಇಲ್ಲದ ಜಾತಿ ನಮ್ಮಲ್ಲಿದೆ. ಬಾವಿ ಯಾರ ಕೇರಿಯಲ್ಲಿದೆ ಎಂಬ ಪ್ರಶ್ನೆ ನಮ್ಮಲ್ಲಿದೆ. ಬಾಲ್ಯದಲ್ಲಿಯೇ ಪೋಲಿಯೋ ಪೀಡಿತರಾಗಿದ್ದ ವಿದುಷಿ ಅನಿತಾ ಘಾಯ್ ಅವರು ಭಾರತದ ವಿಕಲಚೇತನ ಹೆಣ್ಣುಮಕ್ಕಳ ಸ್ಥಿತಿಯನ್ನು ಕುರಿತು ಬರೆದು ಈ ಶಾಸ್ತ್ರಕ್ಕೆ ನಮ್ಮ ನೆಲದ ದನಿ ಕೊಟ್ಟರು. ಕನ್ನಡನಾಡಿಗೂ ಇಲ್ಲಿ ಹೇಳಿಕೊಳ್ಳುವಂಥ ಪರಂಪರೆಯಿದೆ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಅನ್ನದ ದಾರಿ ತೋರಿಸಿದರು. ಮೈಸೂರಿನಲ್ಲಿ 1960ರ ದಶಕದಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪಿತವಾಯಿತು. ಇವೆಲ್ಲ ದಯೆಯ, ವಿದ್ಯೆಯ ಕೆಲಸಗಳು, ಪೂಜ್ಯವಾದವು. ಆದರೆ ದಯೆಯು ಕೊಡುವವನ ಮನಸ್ಸನ್ನು ಅವಲಂಬಿಸಿದರೆ, ನ್ಯಾಯವು ಪಡೆಯುವವನ ಹಕ್ಕನ್ನು ಅವಲಂಬಿಸುತ್ತದೆ. ಈ ಎರಡರ ಅಂತರವನ್ನು ತಿಳಿಯುವುದೇ ಸಾಮಾಜಿಕ ನ್ಯಾಯದ ಮೊದಲ ಪಾಠ.

ಹಾಗಾದರೆ ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಸಂಶೋಧಕನಿಗೆ ಕಾದಿರುವ ಪ್ರಶ್ನೆಗಳು ಯಾವುವು? ಮೊದಲನೆಯದು ಎಣಿಕೆ. 2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರಿದ್ದರು. ಆ ಗಣತಿ ಎಣಿಸಿದ್ದು ಎಂಟು ಬಗೆಗಳನ್ನು. ಕಾಯಿದೆ ಈಗ ಹೇಳುವುದು 21. 2021ರಲ್ಲಿ ನಡೆಯಬೇಕಾಗಿದ್ದ ಗಣತಿ ಮುಂದಕ್ಕೆ ಹೋಯಿತು. ಎಣಿಸದೆ ಹಂಚುವುದು ಹೇಗೆ? ಎರಡನೆಯದು ಹಣ. ಗ್ರಾಮ ಪಂಚಾಯಿತಿಗಳು ಸ್ವಂತ ವರಮಾನದಲ್ಲಿ ಶೇಕಡಾ 5 ಭಾಗವನ್ನು ವಿಕಲಚೇತನರಿಗಾಗಿ ವಿನಿಯೋಗಿಸಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿದೆ. ಆದರೆ ಬರಗಾಲದ ಸೀಮೆಯ ಬಡ ಪಂಚಾಯಿತಿಯ ವರಮಾನವೇ ಅಲ್ಪ. ಅಲ್ಪದಲ್ಲಿ ಶೇಕಡಾ 5 ಎಂದರೆ ಅತ್ಯಲ್ಪ. ಅಗತ್ಯ ಹೆಚ್ಚಿರುವಲ್ಲಿಯೇ ಹಣ ಕಡಿಮೆಯಾಗುವ ಈ ಲೆಕ್ಕವನ್ನು ಯಾರಾದರೂ ತಾಳೆ ನೋಡಬೇಡವೆ? ಮೂರನೆಯದು ಕಾರ್ಯಕರ್ತರು. ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ ಎಂಬ ವ್ಯವಸ್ಥೆ ನಮ್ಮಲ್ಲಿದೆ. ವಿಕಲಚೇತನರೇ ಗೌರವಧನದ ಮೇಲೆ ವಿಕಲಚೇತನರಿಗಾಗಿ ದುಡಿಯುವ ಈ ವ್ಯವಸ್ಥೆಯ ಒಳಗನ್ನು ಅವರ ಬಾಯಿಂದಲೇ ಕೇಳಿ ಬರೆದರೆ ಅದೊಂದೇ ಒಂದು ಮಹಾಪ್ರಬಂಧವಾದೀತು.

ಸಂಶೋಧನೆಯ ದಾರಿಯನ್ನೂ ಸಹಪಾಠಿಗಳ ಉಪಯೋಗಕ್ಕಾಗಿ ಇಲ್ಲಿ ಹೇಳುವುದು ಉಚಿತ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2022ರ ನಿಯಮಾವಳಿಯಂತೆ ಮೂರು ವರ್ಷದ ಬಿ.ಎ. ಓದಿದವರು ಎರಡು ವರ್ಷದ ಎಂ.ಎ.ಯಲ್ಲಿ ಶೇಕಡಾ 55 ಅಂಕ ಪಡೆದಿರಬೇಕು; ಪರಿಶಿಷ್ಟ, ಹಿಂದುಳಿದ ವರ್ಗಗಳವರಿಗೂ ವಿಕಲಚೇತನರಿಗೂ ಶೇಕಡಾ 5 ರಿಯಾಯಿತಿಯುಂಟು. ಪಿ.ಎಚ್.ಡಿ.ಗೆ ಕನಿಷ್ಠ ಅವಧಿ ಮೂರು ವರ್ಷ, ಗರಿಷ್ಠ ಆರು ವರ್ಷ. ಹೆಣ್ಣುಮಕ್ಕಳಿಗೂ ಶೇಕಡಾ 40ಕ್ಕೆ ಮೀರಿದ ವೈಕಲ್ಯವುಳ್ಳವರಿಗೂ ಇನ್ನೆರಡು ವರ್ಷ ಹೆಚ್ಚಿಗೆ ದೊರೆಯಬಹುದು. ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ವೇತನಕ್ಕೆ ಆಯ್ಕೆಯಾದವರಿಗೆ ತಿಂಗಳಿಗೆ 37,000 ರೂಪಾಯಿಯೆಂದು 2023ರ ಜನವರಿಯಿಂದ ಗೊತ್ತುಮಾಡಲಾಗಿದೆ. ಈ ಅಂಕಿಯನ್ನು ಅಪ್ಪನಿಗೆ ಎರಡು ಸಲ ಓದಿ ಹೇಳಿದ್ದೇನೆ. ದೇಶದ ವಿಶ್ವವಿದ್ಯಾನಿಲಯಗಳ ಮಹಾಪ್ರಬಂಧಗಳನ್ನು 'ಶೋಧಗಂಗಾ' ಎಂಬ ಭಂಡಾರದಲ್ಲಿ ಯಾರು ಬೇಕಾದರೂ ಶುಲ್ಕವಿಲ್ಲದೆ ಓದಬಹುದು. ನಾವು ಕೇಳಬೇಕೆಂದಿರುವ ಪ್ರಶ್ನೆಯನ್ನು ಇನ್ನೊಬ್ಬರು ಆಗಲೇ ಕೇಳಿದ್ದಾರೆಯೇ ಎಂದು ಅಲ್ಲಿ ಮೊದಲು ನೋಡಿಕೊಳ್ಳುವುದು ಒಳ್ಳೆಯದು.

ಆದರೆ ನಿಯಮಾವಳಿಯಲ್ಲಿಲ್ಲದ ಒಂದು ಅರ್ಹತೆಯೂ ಬೇಕು. ತಮ್ಮನ್ನು ಬಿಟ್ಟು ತಮ್ಮ ವಿಷಯ ತೀರ್ಮಾನಿಸಬಾರದೆಂಬುದು ಜಗತ್ತಿನ ವಿಕಲಚೇತನರ ಚಳವಳಿಯ ಘೋಷ. ನನ್ನ ಕೈಕಾಲು ನೆಟ್ಟಗಿವೆ. ನಾಳೆ ನಾನು ದೊಡ್ಡಪ್ಪನ ಬೆನ್ನನ್ನು ಬರೆದು ಹೆಸರಿನ ಹಿಂದೆ 'ಡಾ.' ಎಂದು ಹಾಕಿಕೊಂಡರೆ, ಅವರಿಗೆ ದೊರೆತದ್ದೇನು? ಈ ಪ್ರಶ್ನೆಗೆ ನನ್ನಲ್ಲಿ ಪೂರ್ಣವಾದ ಉತ್ತರವಿಲ್ಲ. ಪ್ರಶ್ನಾವಳಿಯನ್ನು ಅವರೊಡನೆ ಕೂತು ತಯಾರಿಸಬೇಕು, ಬರೆದದ್ದನ್ನು ಕನ್ನಡದಲ್ಲಿ ಅವರಿಗೆ ಓದಿ ಹೇಳಬೇಕು, ತಪ್ಪೆಂದರೆ ತಿದ್ದಬೇಕು ಎಂಬಷ್ಟು ಮಾತ್ರ ತಿಳಿದಿದೆ.

ಕಳೆದ ಹಬ್ಬಕ್ಕೆ ದೊಡ್ಡಪ್ಪ ನಮ್ಮ ಮನೆಗೆ ಬಂದಿದ್ದರು. "ಏನವ್ವ, ಡಾಕ್ಟ್ರು ಆಯ್ತೀಯಂತೆ? ಅಂಗಾರೆ ನನ್ನ ಸೊಂಟ ನೆಟ್ಟಗೆ ಮಾಡ್ತೀಯಾ?" ಎಂದು ಕೇಳಿದರು. ಆಗುವುದಿಲ್ಲ ದೊಡ್ಡಪ್ಪ, ಅದು ಬೇರೆ ಡಾಕ್ಟರು, ಎಂದೆ. "ಮತ್ತೆ ಏನು ಮಾಡ್ತೀಯ?" ಎಂದರು. ನಿಮ್ಮನ್ನು ಅಳೆದ ಆ ಗೆರೆ ಸರಿಯೋ ತಪ್ಪೋ ಎಂದು ನಾನು ಅಳೆಯುತ್ತೇನೆ, ಎಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್ಕಾರದೋರು ಓದ್ತಾರಾ ಅದನ್ನ?" ಎಂದರು. ಓದುತ್ತಾರೆಂದು ಆಣೆ ಇಟ್ಟು ಹೇಳಲು ನನ್ನಿಂದಾಗಲಿಲ್ಲ. ಆದರೆ 1995ರಲ್ಲಿ ಏಳಿದ್ದ ಪಟ್ಟಿ 2016ರಲ್ಲಿ 21 ಆದದ್ದು ತಾನಾಗಿಯೇ ಅಲ್ಲ. ಬಿಟ್ಟುಹೋದವರು ಕೇಳಿದ್ದರಿಂದ, ಕೇಳಿದ್ದನ್ನು ಬಲ್ಲವರು ಬರೆದಿಟ್ಟಿದ್ದರಿಂದ. ಅಪ್ಪ ಪಕ್ಕದಲ್ಲಿಯೇ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಬಿ.ಇಡಿ. ಮಾತನ್ನು ಆ ದಿನ ಎತ್ತಲಿಲ್ಲ. ಮರುದಿನ ಬೆಳಿಗ್ಗೆ, ಮೇಲ್ಮನವಿ ಹಾಕಲು ಏನೇನು ಕಾಗದ ಬೇಕೆಂದು ನನ್ನನ್ನು ಕೇಳಿದರು. ಮೊದಲು ಅದನ್ನು ಬರೆಯುತ್ತಿದ್ದೇನೆ. ಮಹಾಪ್ರಬಂಧ ಆಮೇಲೆ.