ವಾದಕ್ಕೆ ಮುಂಚೆ ನಾಲ್ಕು ಸಾಲು ಬರೆ

ಮಗಳೇ, "ಪೇಪರ್ ಓದುವುದಕ್ಕೇ ಪುರುಸೊತ್ತಿಲ್ಲ, ಇನ್ನು ರಾಜಕೀಯ ಯೋಚಿಸೋದು ಯಾವಾಗ ದೊಡ್ಡಮ್ಮಾ" ಎಂದು ಕೇಳಿದೆಯಲ್ಲ, ಆ ಮಾತು ನನ್ನ ಮನಸ್ಸಿನಲ್ಲೇ ಉಳಿದಿದೆ. ಬೆಳಿಗ್ಗೆ ಇಬ್ಬರು ಮಕ್ಕಳಿಗೂ ಡಬ್ಬಿ ಕಟ್ಟಿ, ವ್ಯಾನು ಹತ್ತಿಸಿ, ಆಫೀಸಿಗೆ ಓಡಿ, ಹೋಮ್‌ವರ್ಕ್ ಮುಗಿಸುವಷ್ಟರಲ್ಲಿ ರಾತ್ರಿಯಾಗಿರುತ್ತದೆ, ನಿಜ. ಹಾಗೆಂದು ನಿನಗೆ ಅಭಿಪ್ರಾಯಗಳೇನೂ ಕಡಿಮೆಯಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು, ಟಿವಿಯಲ್ಲಿ ಕೂಗಾಡಿದ್ದು, ಆಫೀಸಿನಲ್ಲಿ ಯಾರೋ ಅಂದದ್ದು ಎಲ್ಲ ಸೇರಿ ತಾನಾಗಿ ಒಂದು ನಿಲುವು ಆಗಿಬಿಟ್ಟಿರುತ್ತದೆ. ಅದು ನಿನ್ನದು ಹೌದೋ ಅಲ್ಲವೋ ತಿಳಿಯಬೇಕಾದರೆ ಬರೆದು ನೋಡಬೇಕು. ಯಾರಿಗೂ ತೋರಿಸುವುದಕ್ಕಲ್ಲ, ನಿನಗಾಗಿ.

ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಕರ್ನಾಟಕದ ಶಕ್ತಿ ಯೋಜನೆಯನ್ನೇ ತಗೋ. 2023ರ ಜೂನ್ 11ರಂದು ಶುರುವಾಯಿತು. ಊಟದ ಹೊತ್ತಿನಲ್ಲಿ ಅದರ ಮಾತು ಬಂದಾಗ ನೀನು "ಬಿಟ್ಟಿ ಬಸ್ಸು, ವೋಟಿಗಾಗಿ ಮಾಡಿದ್ದು" ಅಂದೆ. ಅಳಿಯಂದಿರು "ಹೆಂಗಸರಿಗೆ ಅನುಕೂಲ" ಅಂದರು. ಅಲ್ಲಿಗೆ ಮಾತು ಮುಗಿಯಿತು. 'ನಾನು ಇದನ್ನು ಏಕೆ ವಿರೋಧಿಸುತ್ತೇನೆ' ಎಂದು ಅವತ್ತು ರಾತ್ರಿ ಹತ್ತು ನಿಮಿಷ ಬರೆಯಲು ಕೂತಿದ್ದರೆ ಎರಡನೇ ಸಾಲಿಗೇ ಪೆನ್ನು ನಿಲ್ಲುತ್ತಿತ್ತು. ಬಿಟ್ಟಿಯಾದರೆ ದುಡ್ಡು ಕೊಡುವವರು ಯಾರು? ಕಂಡಕ್ಟರ್ ಕೊಡುವ ಶೂನ್ಯ ಟಿಕೆಟ್‌ನ ಲೆಕ್ಕದ ಮೇಲೆ ಸರ್ಕಾರ ನಾಲ್ಕು ಸಾರಿಗೆ ನಿಗಮಗಳಿಗೆ ಹಣ ತುಂಬಿಕೊಡಬೇಕು. ಅದು ತಡವಾದರೆ ಹೊಸ ಬಸ್ಸು ಬರುವುದು ಹೇಗೆ, ಡ್ರೈವರ್‌ಗೆ ಸಂಬಳ ಆಗುವುದು ಹೇಗೆ? ಎಸಿ, ಐಷಾರಾಮಿ ಬಸ್ಸುಗಳಿಗೆ ಈ ಸೌಲಭ್ಯವಿಲ್ಲ. ಹಾಗಾದರೆ ಇದರ ಲಾಭ ಪಡೆಯುತ್ತಿರುವವರು ಯಾರು? ನಿಮ್ಮ ಮನೆಗೆ ಕೆಲಸಕ್ಕೆ ಬರುವಾಕೆಗೆ ಮುಂಚೆ ತಿಂಗಳಿಗೆ ಬಸ್ಸಿಗೆಂದೇ ಎಷ್ಟು ಹೋಗುತ್ತಿತ್ತು? ಅವಳನ್ನೇ ಕೇಳಿ ಬರೆದುಕೋ. ಇನ್ನು ಬಸ್ಸೇ ಬಾರದ ಊರಿನ ಹೆಂಗಸಿಗೆ ಸಿಕ್ಕಿದ್ದೇನು? ನೀವಿಬ್ಬರೂ ಒಂದೊಂದು ಮಾತು ಹೇಳಿದಿರಿ, ಆ ಹೆಂಗಸು ಇಬ್ಬರಿಗೂ ನೆನಪಾಗಲಿಲ್ಲ. ಬರೆಯಲು ಕೂತಿದ್ದರೆ ನೆನಪಾಗುತ್ತಿದ್ದಳು.

ಎದುರಿನವರ ವಾದವನ್ನೂ ಬರೆಯುವುದು ಹೇಗೆಂದು ಗಾಂಧೀಜಿಯನ್ನು ನೋಡಿ ಕಲಿಯಬಹುದು. ಅವರು 1909ರ ನವೆಂಬರಿನಲ್ಲಿ ಲಂಡನ್ನಿನಿಂದ ದಕ್ಷಿಣ ಆಫ್ರಿಕಕ್ಕೆ ಮರಳುವಾಗ ಹಡಗಿನಲ್ಲೇ ಕೂತು 'ಹಿಂದ್ ಸ್ವರಾಜ್' ಬರೆದರು. ಬಲಗೈ ಸೋತಾಗ ಎಡಗೈಯಲ್ಲಿ ಬರೆದರು. ನನಗೆ ಅದರಲ್ಲಿ ಬಲು ಹಿಡಿಸಿದ್ದು ಅದರ ಕಟ್ಟು: ಓದುಗ ಪ್ರಶ್ನೆ ಹಾಕುತ್ತಾನೆ, ಸಂಪಾದಕ ಉತ್ತರ ಕೊಡುತ್ತಾನೆ. ಆ ಓದುಗ ಸುಮ್ಮನೆ ತಲೆಯಾಡಿಸುವವನಲ್ಲ. ಲಂಡನ್ನಿನಲ್ಲಿ ಗಾಂಧೀಜಿ ಕಂಡಿದ್ದ, ಬಾಂಬು ಪಿಸ್ತೂಲಿನಲ್ಲಿ ನಂಬಿಕೆಯಿಟ್ಟಿದ್ದ ಬಿಸಿರಕ್ತದ ತರುಣರ ಮಾತನ್ನೇ ಆಡುತ್ತಾನೆ. ನೀನೂ ನೋಟ್‌ಬುಕ್ಕಿನ ಎಡಪುಟವನ್ನು ಅಳಿಯಂದಿರಿಗೆ ಬಿಟ್ಟುಕೊಡು. ಅವರು ಓದಿದರೆ "ಹೌದು, ನಾನು ಹೇಳಿದ್ದು ಇದನ್ನೇ" ಎನ್ನಬೇಕು, ಅಷ್ಟು ಪ್ರಾಮಾಣಿಕವಾಗಿ ಅವರ ವಾದ ಬರೆ. ಆಮೇಲೆ ಬಲಪುಟದಲ್ಲಿ ನಿನ್ನದು.

ದೊಡ್ಡ ದೊಡ್ಡ ಸಿದ್ಧಾಂತ ಓದಿದ ಮೇಲೆ ಬರೆಯುತ್ತೇನೆ ಎಂದು ಕಾಯಬೇಡ. ಮಕ್ಕಳನ್ನು ಸಾಕುವವರಿಗೆ ಸರ್ಕಾರ ದಿನವೂ ಎದುರಾಗುತ್ತದೆ: ಲಸಿಕೆ ಹಾಕಿಸುವಾಗ, ಶಾಲೆಯ ಫೀಸು ಕಟ್ಟುವಾಗ, ಫುಟ್‌ಪಾತಿಲ್ಲದ ರಸ್ತೆಯಲ್ಲಿ ಮಗುವಿನ ಕೈ ಹಿಡಿದು ನಡೆಯುವಾಗ. ನಿಮ್ಮ ಬೆಂಗಳೂರಿನಲ್ಲಿ 2015ರಲ್ಲಿ ಆಯ್ಕೆಯಾದ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ಚುನಾವಣೆಯಿಲ್ಲದೆ ವರ್ಷಗಳೇ ಕಳೆದವು. ಚರಂಡಿ ಉಕ್ಕಿದ ದಿನ ನೀನು ಯಾರ ಬಾಗಿಲಿಗೆ ಹೋದೆ, ಏನು ಉತ್ತರ ಬಂತು? ಅಷ್ಟನ್ನು ತಾರೀಖು ಹಾಕಿ ಬರೆ. ಸ್ಥಳೀಯ ಸರ್ಕಾರ ಏಕೆ ಬೇಕು ಎನ್ನುವುದು ಆ ಅರ್ಧ ಪುಟದಲ್ಲೇ ನಿನಗೆ ಕಾಣುತ್ತದೆ.

ದಿನಾ ಬರೆಯಬೇಕಾಗಿಲ್ಲ. ಮಕ್ಕಳು ಮಲಗಿದ ಮೇಲೆ ವಾರಕ್ಕೊಂದು ದಿನ ಸಾಕು. ನಿದ್ದೆ ಕೆಡಿಸಿಕೊಂಡು ಮಾತ್ರ ಬೇಡ. ದಣಿದಾಗ ಬರೆದದ್ದೆಲ್ಲ ಬರೀ ಸಿಟ್ಟಾಗುತ್ತದೆ.

ಬರೆದದ್ದನ್ನು ಫ್ಯಾಮಿಲಿ ಗ್ರೂಪಿಗೆ ಹಾಕಬೇಡಮ್ಮಾ. ಒಮ್ಮೆ ನಾಲ್ಕು ಜನರ ಮುಂದೆ ಇಟ್ಟರೆ ಅದನ್ನು ಉಳಿಸಿಕೊಳ್ಳಲು ಮನಸ್ಸು ಹಟ ಹಿಡಿಯುತ್ತದೆ, ತಪ್ಪೆಂದು ಗೊತ್ತಾದರೂ ಬಿಡುವುದಿಲ್ಲ. ನಿಲುವು ಬದಲಾದರೆ ಹಳೆಯ ಪುಟ ಹರಿಯಬೇಡ. ಏನು ತಿಳಿದದ್ದರಿಂದ ಬದಲಾಯಿತು ಎಂದು ಅದರ ಕೆಳಗೇ ಬರೆ.

ಚುನಾವಣೆ ಬಂದಾಗ ಪ್ರಚಾರದವರು ಗೇಟಿನ ಹತ್ತಿರ ಬಂದು ಕರಪತ್ರ ಕೊಟ್ಟು ಹೊರಡುತ್ತಾರೆ. ಅವರನ್ನು ಒಂದು ನಿಮಿಷ ನಿಲ್ಲಿಸಿ ಈ ನೋಟ್‌ಬುಕ್ ತೆಗೆ. ನಮ್ಮ ಮಾರ್ಗಕ್ಕೆ ಇನ್ನೆಷ್ಟು ಬಸ್ಸು ಬಿಡಿಸುತ್ತೀರಿ, ಅದಕ್ಕೆ ಹಣ ಎಲ್ಲಿಂದ ತರುತ್ತೀರಿ ಎಂದು ಕೇಳು. ಅವರು ಕೊಟ್ಟ ಉತ್ತರವನ್ನು ಅವರೆದುರೇ ಬರೆದುಕೋ.